ಲ್ಯಾಪ್‌ಟಾಪಿಗೆ ಕಿವಿಗೊಟ್ಟ ಮೇಡಂ

ನಮ್ಮ ಫಿಸಿಕ್ಸ್ ಮೇಡಂ ಕೊರಳಲ್ಲಿ ತಾಳಿಸರದ ಜೊತೆಗೇ ಕರಿದಾರಕ್ಕೆ ಕಟ್ಟಿದ ಪೆನ್‌ಡ್ರೈವ್ ಒಂದು ನೇತಾಡುತ್ತಿತ್ತು. ಅದರಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಳ್ಳುವ, ದುಡ್ಡಿಲ್ಲದೆ ಸಿಗುವ ಲಿನಕ್ಸ್ ಇರುತ್ತಿತ್ತು. ಮೂಡಿಗೆರೆಯ ಕಾಲೇಜಿನಿಂದ ನಿವೃತ್ತರಾದ ಮೇಲೆ, ಯಾರದಾದರೂ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಕಿವಿಗೆ ಬಿದ್ದರೆ ಸಾಕು, ಕರೆಯದಿದ್ದರೂ ಹೋಗಿ ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿಕೊಡುತ್ತಿದ್ದರು. ಕಾಫಿಗೆ ಸಕ್ಕರೆ ಹೆಚ್ಚಾದರೆ ಮುಖಕ್ಕೇ ಹೇಳುವ ಹಟಮಾರಿ ಹೆಂಗಸು. ನನಗೆ ಅವರೆಂದರೆ ಭಯ, ಭಯಕ್ಕಿಂತ ಹೆಚ್ಚು ಪ್ರೀತಿ.

ಅಪ್ಪನ ಗಂಟಲಿನ ಆಪರೇಷನ್ ಆಗಿ ದನಿ ಹೋದ ವರ್ಷ ನನ್ನ ಲ್ಯಾಪ್‌ಟಾಪಿನ ಸರದಿ ಬಂತು. ಆಪರೇಷನ್ನಿಗೆ ಮುಂಚೆ ಅಪ್ಪನ ಮಾತುಗಳನ್ನು ನನ್ನ ತಮ್ಮ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. "ಕಾಪಿ ಇದ್ಯಾ?" ಎಂದು ಮೇಡಂ ಕೇಳಿದ್ದರು. ಇದೆ ಎಂದು ತಮ್ಮ ಹೇಳಿದ್ದನ್ನೇ ನಾನೂ ಹೇಳಿದ್ದೆ.

ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆಯ ಕಾಲ. ಜಾವಳಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೇಡಂ, ನಾನು ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಕೂತಿದ್ದೆವು. ಡಿಸ್ಕ್ ಪೂರ್ತಿ ಅಳಿಸಲೇ ಎಂದು ಪರದೆ ಕೇಳುವ ಹೊತ್ತಿಗೆ ಗುಡುಗಿತು. ನಮ್ಮ ಕಡೆ ಗುಡುಗಿದರೆ ಮೊದಲು ಪ್ಲಗ್ ಕೀಳುವುದು, ಆಮೇಲೆ ಮಾತು. ಅಮ್ಮ ಓಡಿಬಂದು ಕಿತ್ತಳು; ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಮೇಡಂ ಎಂಟರ್ ಒತ್ತಿದರು. ಪರದೆ ಕದಲಲಿಲ್ಲ. ಟಚ್‌ಪ್ಯಾಡಿನ ಮೇಲೆ ಬೆರಳಾಡಿಸಿದರೂ ಬಾಣದ ಗುರುತು ಅಲ್ಲಾಡಲಿಲ್ಲ. ಅದುವರೆಗೆ ನೆಟ್ಟಗಿದ್ದ ಕೀಬೋರ್ಡನ್ನು ಬೈಯುತ್ತ ಎಂಟರನ್ನು ಮತ್ತೆ ಮತ್ತೆ ಕುಟ್ಟಿದರು. ಅಷ್ಟರಲ್ಲಿ ತಮ್ಮನ ಫೋನ್ ಬಂತು. ಕಾಪಿ ಎಲ್ಲಿಟ್ಟಿದ್ದೀಯ ಎಂದು ಸುಮ್ಮನೆ ಕೇಳಿದೆ.

"ಅದ್ರಲ್ಲೇ ಡಿ ಡ್ರೈವಿಗೆ ಹಾಕಿದೀನಲ್ಲಕ್ಕಾ."

ಅವನು ಹೇಳಿದ್ದನ್ನು ಮೇಡಂಗೆ ಹೇಳಿದೆ. ಡಿ ಡ್ರೈವೆಂದರೆ ಅದೇ ಡಿಸ್ಕಿನ ಇನ್ನೊಂದು ಭಾಗ. ಕೀಬೋರ್ಡು ಸತ್ತಿದೆಯೋ, ಒತ್ತಿದ್ದು ತಲುಪಿ ಪರದೆ ಮಾತ್ರ ನಿಂತು ಒಳಗೆ ಎಲ್ಲ ಅಳಿಯುತ್ತಿದೆಯೋ, ತಿಳಿಯುವಂತಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರೂ ಮಾತಾಡ್ಬೇಡಿ" ಎಂದು ಮೇಡಂ ಕನ್ನಡಕ ತೆಗೆದು ಲ್ಯಾಪ್‌ಟಾಪಿಗೆ ಕಿವಿಯಿಟ್ಟರು. ಹಂಚಿನ ಮೇಲೆ ಹನಿ ಬೀಳತೊಡಗಿತ್ತು.

"ಡಿಸ್ಕ್ ತಿರುಗ್ತಿದೆ. ಬರೀತಾ ಇಲ್ಲ ಅನ್ಸುತ್ತೆ."

"ಅನ್ಸುತ್ತಾ ಮೇಡಂ?"

"ಅನ್ಸುತ್ತೆ ಅಷ್ಟೇ ಮಾರಾಯ್ತಿ. ಬರೀತಿದ್ರೆ ಕರಕರ ಅನ್ಬೇಕು."

ಮೇಡಂ ಇನ್ನೊಮ್ಮೆ ಕಿವಿಯಿಟ್ಟು ಕೇಳಿದರು. ಪವರ್ ಗುಂಡಿಯನ್ನು ಲ್ಯಾಪ್‌ಟಾಪ್ ಆರುವವರೆಗೂ ಒತ್ತಿ ಹಿಡಿದರು.

ಮಳೆ ನಿಂತ ಮೇಲೆ ಡಿಸ್ಕ್ ಬಿಚ್ಚಿಕೊಂಡು ಅಪ್ಪನ ಜೊತೆ ಮೇಡಂ ಮನೆಗೆ ಹೋದೆವು. ಅವರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಫೋಲ್ಡರ್ ಇತ್ತು. ಹೂಮಳೆ ಬಿದ್ದ ದಿನ ಅಪ್ಪ ಮಳೆಯನ್ನು ಸೆಂಟಿನ ಲೆಕ್ಕದಲ್ಲಿ ಅಳೆದು ನೆಂಟರಿಗೆಲ್ಲ ಫೋನ್ ಮಾಡಿ ಕೇಳುತ್ತಿದ್ದ ಮಾತು ಮೊದಲು ಬಂತು: "ನಿಮ್ಮಲ್ಲಿ ಎಷ್ಟ್ ಬಂತು ಮಾರಾಯ? ನಮ್ಮಲ್ಲಿ ಎಂಬತ್ತು ಸೆಂಟು."

ಅಪ್ಪ ತಲೆ ತಗ್ಗಿಸಿ ಅತ್ತರು. "ಇನ್ನೊಂದ್ಸಲ ಹಾಕ್ಲಾ ಗೌಡ್ರೇ?" ಎಂದರು ಮೇಡಂ, ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಬೇರೆ ಬೇರೆ ಡಿಸ್ಕುಗಳಿಗೆ ತಾವೇ ಕಾಪಿ ಮಾಡಿದರು. "ಕಾಪಿ ಎಲ್ಲಿದೆ ಅಂತ ನಾನೂ ಕೇಳ್ಬೇಕಿತ್ತು" ಎಂದು ನನ್ನತ್ತ ನೋಡದೆಯೇ ಹೇಳಿದರು. ಮರುವಾರ ಹೊರಗಿನ ಕೀಬೋರ್ಡ್ ತಂದು ಸಿಕ್ಕಿಸಿ ಲಿನಕ್ಸನ್ನೂ ಹಾಕಿಯೇ ಬಿಟ್ಟರು.

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಸಂಜೆ ಅಪ್ಪ ಲ್ಯಾಪ್‌ಟಾಪ್ ತೋರಿಸಿ, ಕಿವಿ ಮುಟ್ಟಿಕೊಂಡು, ಮೇಡಂ ಮಾತು ಹಾಕು ಎಂದು ಸನ್ನೆ ಮಾಡಿದರು. ಲ್ಯಾಪ್‌ಟಾಪು, ಫೋನು ಎಲ್ಲ ಜಾಲಾಡಿದೆ. ಅವರದು ಒಂದು ಮಾತೂ ನಮ್ಮಲ್ಲಿ ಇರಲಿಲ್ಲ.