ಹಾಸಿಗೆಯಿಂದ ಆಳಿದ ರಾಜ್ಯ

2009ರಲ್ಲಿ ನಾನು ಜಮಖಂಡಿಯಲ್ಲಿ ಫಿಸಿಯೋಥೆರಪಿಸ್ಟ್. ಮುಂಜಾನೆ ಕ್ಲಿನಿಕ್, ಆಮೇಲೆ ಬಸ್ಸು ಹಿಡಿದು ಮನೆಭೇಟಿ. ಬನಹಟ್ಟಿಯ ಮಲ್ಲಿಕಾರ್ಜುನ (ಹೆಸರು ಬದಲಿಸಿದ್ದೇನೆ) ಆಗಿನ ನನ್ನ ರೋಗಿ. ಇಪ್ಪತ್ತಾರರ ಹುಡುಗ, ಮನೆಗೆ ಹಿರಿಮಗ, ತಂದೆಯ ಪವರ್‌ಲೂಮ್ ಶೆಡ್ ನೋಡಿಕೊಳ್ಳುತ್ತಿದ್ದವನು. ಹಿಂಬದಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಬೈಕ್ ಗುದ್ದಿ ಕುತ್ತಿಗೆ ಮುರಿದುಕೊಂಡಿದ್ದ. ನಮ್ಮ ಭಾಷೆಯಲ್ಲಿ ಅದು ಸಿ-ಸಿಕ್ಸ್ ಇಂಜುರಿ. ಎಂದರೆ, ಎದೆಯಿಂದ ಕೆಳಗೆ ಏನೂ ಅಲುಗದು. ಮೊಳಕೈ ಮಡಚುತ್ತದೆ, ಮಣಿಕಟ್ಟು ಮೇಲೇಳುತ್ತದೆ, ಬೆರಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ಮಣಿಕಟ್ಟಿಗೆ ಬಲ ಬರಲೆಂದು ನಾನು ಒಯ್ದ ಮರಳಿನ ಚೀಲವನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮ ಶಂಕರನ ಕಂಪ್ಯೂಟರ್‌ನಲ್ಲಿ ಒಂದು ಆಟವಿತ್ತು, ಮಧ್ಯಯುಗದ ಯುರೋಪಿನಲ್ಲಿ ರಾಜ್ಯ ಕಟ್ಟುವ ಆಟ. ಅದೇ ಬೇಕೆಂದ. ಆಟವೆಂದರೆ ಕುಂಟೆಬಿಲ್ಲೆಯಷ್ಟೇ ಗೊತ್ತಿದ್ದ ನಾನು ಮೂಗು ಮುರಿದೆ. ಆದರೆ ಅದರಲ್ಲಿ ಅವಸರವಿರಲಿಲ್ಲ. ನಾವು ನಮ್ಮ ಸರದಿ ಮುಗಿಸುವ ತನಕ ಶತ್ರುವೂ ಸುಮ್ಮನೆ ಕಾಯುತ್ತಾನೆ. ಸರಿ, ಅಂಗೈಗೆ ಪಟ್ಟಿ ಸುತ್ತಿ ಮೌಸ್ ಕಟ್ಟಿಕೊಟ್ಟೆ. ಸೇನಾಪತಿಗಳನ್ನು ನಕಾಶೆಯ ಮೇಲೆ ಎಳೆಯುವುದೇ ವ್ಯಾಯಾಮವಾಯಿತು.

ನನಗೂ ಕಲಿಸಿದ. ಪ್ರತಿ ಸೇನಾಪತಿಗೂ ನಿಷ್ಠೆಯ ಅಂಕವಿರುತ್ತದೆ. ಅದು ತೀರ ಇಳಿದರೆ ಒಂದು ದಿನ ಸೈನ್ಯದ ಸಮೇತ ತಿರುಗಿ ಬೀಳುತ್ತಾನೆ. ವಂಶವೃಕ್ಷ ತೆರೆದರೆ ರಾಜ, ರಾಣಿ, ಮಕ್ಕಳು, ಮೊಮ್ಮಕ್ಕಳ ಮುಖಗಳು. ರಾಜಕುಮಾರಿಗೆ ಈ ಸಂಬಂಧ ಆದೀತೆ, ಯುದ್ಧ ಗೆದ್ದ ಈ ನಾಯಕನನ್ನು ದತ್ತು ತೆಗೆದುಕೊಳ್ಳೋಣವೆ ಎಂದು ಆಟವೇ ಕೇಳುತ್ತದೆ. ಮಲ್ಲಿಕಾರ್ಜುನ ಯುದ್ಧಕ್ಕಿಂತ ಈ ಸಂಸಾರದಲ್ಲೇ ಮುಳುಗಿರುತ್ತಿದ್ದ.

"ದಂಡು ಬಿಟ್ಟು ಬೀಗತನ ಮಾಡಾಕತ್ತೀಯಲ್ಲೋ?" ಎಂದು ಒಮ್ಮೆ ರೇಗಿಸಿದೆ.

ಅವನು ನಗಲಿಲ್ಲ. "ಇಲ್ಲಿ ಮದವಿ ಮಾಡಬೇಕಂದ್ರ ನನ್ನ ಕೇಳತಾರ್ರಿ ಮೇಡಂ. ಯಾರರೆ ಸತ್ರ ಮದಲ ನನಗ ಹೇಳತಾರ. ನಮ್ಮ ತಂಗಿ ಮದವಿ ನಿಶ್ಚೆ ಆಗಿದ್ದು ನನಗ ಯಾವಾಗ ಗೊತ್ತಾತು ಹೇಳ್ರಿ? ಬಾಯಾಗ ಪೇಢೆ ಇಟ್ಟಾಗ."

ಕೆಟ್ಟ ಮನೆಯಲ್ಲ ಅದು. ಅವನ ಬೆನ್ನಿಗೆ ಹುಣ್ಣಾಗದಂತೆ ತಾಯಿ ಹಗಲು ರಾತ್ರಿ ಮಗ್ಗುಲು ಬದಲಿಸುತ್ತಿದ್ದರು. ಅವನಿಗೆ ತ್ರಾಸಾಗಬಾರದೆಂದೇ ಯಾರೂ ಏನೂ ಹೇಳುತ್ತಿರಲಿಲ್ಲ.

ಚಳಿಗಾಲದ ಒಂದು ಮುಂಜಾನೆ ಅವನ ಕಾಕಾ ಫೋನ್ ಮಾಡಿದರು. ಬೀಳಗಿ ಕಡೆಯ ಹೊಲಕ್ಕೆ ಹೋಗಿದ್ದ ತಂದೆ ಎದೆನೋವು ಬಂದು ಅಲ್ಲೇ ತೀರಿಕೊಂಡಿದ್ದರು. ಹಿರಿಯರನ್ನೆಲ್ಲ ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದ್ದೂ ಅದೇ ಹೊಲದಲ್ಲಿ; ಮನೆಯವರೆಲ್ಲ ಅಲ್ಲಿಗೆ ಹೊರಟುಹೋಗಿದ್ದರು.

"ಅವಂಗ ಹೇಳಬ್ಯಾಡ್ರಿ ಮೇಡಂ. ಎದಿ ಒಡಕೊಂಡ್ರ ಒಂದ ಮನ್ಯಾಗ ಎರಡ ಹೆಣ ಆಗತಾವ. ಶಂಕರ ಮಣ್ಣ ಕೊಡತಾನ. ನೀವು ಸಂಜಿ ಮಟಾ ಅವನ್ನ ಆಡಸ್ರಿ, ಸಾಕು."

ಕಾಕಾನ ಅಂಜಿಕೆ ಸುಳ್ಳಲ್ಲ. ಇಂಥ ಪೆಟ್ಟಿನಲ್ಲಿ ಉಸಿರು ಅರ್ಧಕ್ಕರ್ಧ. ಎಬ್ಬಿಸಿ ಕೂರಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ರಸ್ತೆಯಲ್ಲಿ ಜೀಪಿನಲ್ಲಿ ಒಯ್ಯಲು ನಾನೂ ಒಪ್ಪುತ್ತಿರಲಿಲ್ಲ. ಆದರೆ ಹಿರಿಮಗ ಜೀವಂತ ಇರುವಾಗ ತಂದೆಗೆ ಮೊದಲ ಹಿಡಿ ಮಣ್ಣು ತಮ್ಮನ ಕೈಯಿಂದ, ಅದೂ ಇವನಿಗೆ ಗೊತ್ತಿಲ್ಲದ ಹಾಗೆ! ಬಸ್ಸಿನಲ್ಲಿ ಉದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಬಾಗಿಲಲ್ಲಿ ನೆರೆಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಒಳಗೆ ಮಲ್ಲಿಕಾರ್ಜುನನ ಮುಂದೆ ಆಟ ತೆರೆದಿತ್ತು, ಅವನು ಆಡುತ್ತಿರಲಿಲ್ಲ.

"ಮಗ್ಗ ಬಂದ್ ಅದಾವ. ಅವ್ವ ಕಾಣವಲ್ಲಳು. ಯಾರು ಹೋದ್ರು ಹೇಳಿಬಿಡ್ರಿ ಮೇಡಂ."

ಪಕ್ಕದಲ್ಲಿ ಕೂತು ನಾಡಿ ಹಿಡಿದೆ. "ನಿಮ್ಮಪ್ಪ," ಎಂದೆ.

ಜೋರಾಗಿ ಅಳಲು ಅವನಲ್ಲಿ ಉಸಿರಿರಲಿಲ್ಲ. ಕಣ್ಣೀರು ಕಿವಿಗಿಳಿದು ದಿಂಬು ತೋಯ್ದಿತು. ನಾನು ಒರೆಸುತ್ತಾ ಕೂತೆ, ನನಗೂ ತಡೆಯಲಾಗಲಿಲ್ಲ. ಕೊನೆಗೆ ಮಣಿಕಟ್ಟಿನಿಂದ ನನ್ನ ಕೈ ಸರಿಸಿ ಮಾತಾಡಿದ.

"ನನಗ ಹೋಗಾಕ ಆಗೂದಿಲ್ಲ, ಗೊತ್ತೈತಿ. ಮಣ್ಣ ಶಂಕರ ಕೊಡಲಿ. ಆದ್ರ ನನ್ನ ಕೇಳಿ ಕೊಡಲಿ."

ಕಾಕಾಗೆ ಫೋನ್ ಹಚ್ಚಿದೆ. "ನಿಮಗ ಹೇಳಿದ್ದೇನು, ನೀವು ಮಾಡಿದ್ದೇನು?" ಎಂದು ಮೇಲೆ ಬಿದ್ದರು. ಬೈಯುವುದನ್ನು ಆಮೇಲೆ ಬೈಯಿರಿ, ಈಗ ಶಂಕರನ ಕೈಗೆ ಕೊಡಿ ಎಂದೆ. ಸ್ಪೀಕರ್ ಹಾಕಿ ಫೋನನ್ನು ಮಲ್ಲಿಕಾರ್ಜುನನ ದಿಂಬಿನ ಮೇಲಿಟ್ಟೆ. ಮೊದಲು ಬರೀ ಭಜನೆಯ ತಾಳ. ಆಮೇಲೆ ಶಂಕರನ ಒಡೆದ ದನಿ.

"ಅಣ್ಣಾ... ಅಪ್ಪನ್ನ ಗುಂಡ್ಯಾಗ ಕುಂಡರಿಸ್ಯಾರೋ. ಎಲ್ಲಾರೂ ಕಾಯಾಕತ್ತಾರ. ಕೊಡಲ್ಯಾ?"

ಮಲ್ಲಿಕಾರ್ಜುನ ಕಣ್ಣು ಮುಚ್ಚಿದ. "ಮಾರಿ ಮ್ಯಾಲ ಹಾಕಬ್ಯಾಡ, ಕಾಲ ಕಡೆ ಹಾಕು," ಎಂದ. ಆಮೇಲೆ, "ಹ್ಞೂಂ. ಕೊಡು."

ಅವನು ಆಮೇಲೆ ಮೂರು ವರ್ಷವಷ್ಟೇ ಬದುಕಿದ. ಮೂತ್ರದ ಸೋಂಕು ಕಿಡ್ನಿಗೆ ಏರಿತು. ನನ್ನ ವ್ಯಾಯಾಮಗಳಿಂದ ಏನೂ ನಡೆಯಲಿಲ್ಲ.

ಮೊಳಕೈ ಎಷ್ಟು ಮಡಚುತ್ತದೆಂದು ಅಳೆಯುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಮಲಗಿದವನನ್ನು ಕೇಳಬೇಕೆಂಬುದನ್ನು ಆ ಮನೆ ಕಲಿಸಿತು. ಈಗ ಯಾವ ಮನೆಗೆ ಹೋದರೂ ಹೊಸ್ತಿಲಲ್ಲಿ ಮನೆಯವರು ಹೇಳುವುದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋಗುತ್ತೇನೆ. ಹಾಸಿಗೆಯಲ್ಲಿರುವವರನ್ನೇ ಮತ್ತೆ ಮೊದಲಿನಿಂದ ಕೇಳುತ್ತೇನೆ. ಎಷ್ಟೋ ಜನರಿಗೆ ಉತ್ತರ ಕೊಡುವ ರೂಢಿಯೇ ತಪ್ಪಿಹೋಗಿರುತ್ತದೆ. ನನ್ನ ಮುಖ ಬಿಟ್ಟು ಬಾಗಿಲ ಕಡೆ ನೋಡುತ್ತಾರೆ, ಮನೆಯವರು ಯಾರಾದರೂ ಹೇಳಲಿ ಎಂದು. ನಾನು ಎದ್ದು ಬಾಗಿಲು ಮುಚ್ಚಿ ಬಂದು ಕೂರುತ್ತೇನೆ.