ನಾನು ಬ್ಯಾಕ್ ಔಟ್ ಮಾಡಿದ ಭಾನುವಾರ

ಒಪ್ಪಿಕೊಂಡ ಕೆಲಸದಿಂದ ಎಂದೂ ತಪ್ಪಿಸಿಕೊಂಡವನಲ್ಲ ಎಂದು ಎದೆ ತಟ್ಟಿ ಹೇಳುವ ಹಕ್ಕು ನನಗೆ ಅರವತ್ತಾರು ವರ್ಷ ಇತ್ತು. ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಅದು ಹೋಯಿತು. ಹೋದದ್ದಕ್ಕೆ ನನಗೆ ಇನ್ನೂ ಸಂಭ್ರಮ, ಕ್ಷಮಿಸಿ.

ಕಾರವಾರದಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿದವನು ನಾನು. ಆರರ ಕ್ಲಾಸಿಗೆ ಆರೂ ಐದಕ್ಕೆ ಬಾಗಿಲು ಬಂದ್. ಈಗ ನಿವೃತ್ತನಾಗಿ ನೆಲೆಸಿರುವ ಕಡಲಂಚಿನ ಹಳ್ಳಿ ಅವರ್ಸಾದಲ್ಲಿ ಬಾಗಿಲು ಹಾಕಲು ಕ್ಲಾಸಿಲ್ಲ, ಆದರೂ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ, ಆರಕ್ಕೆ ಕಡಲ ದಂಡೆಗೆ ಹೋಗುತ್ತೇನೆ, ಆರೂ ನಲವತ್ತಕ್ಕೆ ಮನೆಗೆ ತಿರುಗುತ್ತೇನೆ. ಇಂಥವನನ್ನು ಕಾರವಾರದ ಒಂದು ತರಬೇತಿ ವರ್ಗದವರು, ಕೆಲಸ ಹುಡುಕುವ ಮಕ್ಕಳಿಗೆ ಇಂಗ್ಲಿಷಿನ ಜೋಡಿಪದಗಳ ಬಗ್ಗೆ ಮಾತಾಡಲು ಕರೆದರು. ಭಾನುವಾರ ಹತ್ತು ಗಂಟೆಗೆ. ನಾನು ಆರಿಸಿಕೊಂಡದ್ದು ‘ಬ್ಯಾಕ್ ಔಟ್’. ಕೊಟ್ಟ ಮಾತಿನಿಂದ ಹಿಂದೆ ಸರಿಯುವವರ ಪತ್ರಗಳನ್ನು ಸಾವಿರಗಟ್ಟಲೆ ಟೈಪು ಮಾಡಿದ್ದೇನೆ. ಒಬ್ಬನೂ ಈ ಪದ ಬಳಸಿದ್ದು ಕಾಣೆ. ಎಲ್ಲರಿಗೂ ‘ಅನಿವಾರ್ಯ ಕಾರಣ’ಗಳೇ.

ನಿಘಂಟು ತೆಗೆದರೆ, ಇದು ಮೊದಲು ಬರೀ ಕಾಲಿನ ಕೆಲಸ: ತಿರುಗದೆ, ಹಿಮ್ಮುಖವಾಗಿಯೇ ಹೆಜ್ಜೆಯಿಟ್ಟು ಹೊರಬೀಳುವುದು. ಇಕ್ಕಟ್ಟಿನ ಲಾಯದಿಂದ ಕುದುರೆ ಬಂದ ಹಾಗೆ. ಆಮೇಲೆ ಅದು ಮಾತಿಗೂ ಬಂತು. ಎಷ್ಟು ಸರಿ ನೋಡಿ! ಹಿಂದೆ ಸರಿಯುವವನ ಮುಖ ನಮ್ಮ ಕಡೆಗೇ ಇರುತ್ತದೆ, ಮುಖದ ಮೇಲಿನ ನಗುವೂ ಹಾಗೇ ಇರುತ್ತದೆ, ಕಾಲು ಮಾತ್ರ ಬಾಗಿಲು ದಾಟುತ್ತಿರುತ್ತದೆ. ಕನ್ನಡದವರು ಇದೇ ಕೆಲಸವನ್ನು ಕೈಗೆ ವಹಿಸಿದ್ದೇವೆ. ಕೈ ಕೊಡುತ್ತೇವೆ, ಕೈ ಬಿಡುತ್ತೇವೆ, ಕೊನೆಗೆ ಕೈ ಎತ್ತುತ್ತೇವೆ. ನಮ್ಮ ಕರಾವಳಿಯವರಿಗೆ ಅಷ್ಟೂ ಶ್ರಮ ಬೇಡ, ನೋಡೋಣ ಅನ್ನುವ ಬದಲು ‘ನೋಡ್ವಾ’ ಎಂದರೆ ಮುಗಿಯಿತು. ನೋಡ್ವಾ ಎಂದವನು ಬಾರದಿದ್ದರೆ ಯಾರೂ ದೂರುವುದಿಲ್ಲ. ಬಂದರೇ ಆಶ್ಚರ್ಯ.

ಇದನ್ನೆಲ್ಲ ಚೀಟಿಯಲ್ಲಿ ಬರೆದು, ಆಮಂತ್ರಣದ ಜೊತೆ ಜೇಬಿನಲ್ಲಿಟ್ಟು, ಆ ಬೆಳಿಗ್ಗೆ ದಂಡೆಯಲ್ಲಿ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದೆ. ಎಂಟೂ ಕಾಲಿನ ಬಸ್ಸು ಹಿಡಿಯಬೇಕಿತ್ತು. ಮೀನುಗಾರ ಗೋವಿಂದನ ಯೆಂಡಿ ಬಲೆ ನೀರಿಗೆ ಬಿದ್ದಿತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಂಡೆಯಿಂದ ಎಳೆಯುವ ಬಲೆ ಅದು. ಎಳೆಯುವವರು ಹಿಮ್ಮುಖವಾಗಿ ನಡೆದು ತೆಂಗಿನ ಮರದವರೆಗೆ ಹೋಗುತ್ತಾರೆ, ಅಲ್ಲಿ ಹಗ್ಗ ಬಿಟ್ಟು ಓಡಿ ಬಂದು ನೀರಂಚಿನಲ್ಲಿ ಮತ್ತೆ ಹಿಡಿಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಬಲೆ ದಡ ಸೇರುವ ತನಕ ಬಿಟ್ಟು ಹೋಗುವಂತಿಲ್ಲ.

“ಮಾಸ್ತರೇ, ನಿಂತ್ಕಂಡು ಎಂತ ನೋಡ್ತ್ರಿ? ಒಂದ್ ಕೈ ಹಾಕಿ!” ಗೋವಿಂದನ ಹೆಂಡತಿ ತುಳಸಿ ಕೂಗಿದಳು. “ಮೂರು ಜನ ನಿನ್ನೆ ಬತ್ತೆ ಬತ್ತೆ ಅಂದ್ರು. ಬೆಳಗಾಗೂದ್ರೊಳಗೆ ತೋಡೂರ ಬದಿಗೆ ಕೆಲಸಕ್ಕೆ ಹೋಗ್ಬಿಟ್ರು.”

“ಹತ್ತೇ ನಿಮಿಷ,” ಎಂದೆ.

“ಹ್ಞಾಂ, ಅದನ್ನ ಬಲೆಗೂ ಹೇಳಿ.”

ಹಿಡಿದೆ. ಅಯ್ಯಬ್ಬ, ಆ ಹಗ್ಗಕ್ಕೆ ಜೀವವಿತ್ತು! ಅತ್ತ ಸಮುದ್ರ ಎಳೆದರೆ ಇತ್ತ ನಾವು ಎಳೆಯುವುದು. ಹಿಮ್ಮಡಿ ಮರಳಿನಲ್ಲಿ ಹೂತು, ಬೆನ್ನು ಬಿಲ್ಲಾಗಿ, ಬಾಯಲ್ಲಿ ಎಲ್ಲರ ಜೊತೆ ‘ಹೋಯ್’ ಎನ್ನುತ್ತ ನಾಲ್ಕು ಸಲ ತೆಂಗಿನ ಮರ ಮುಟ್ಟಿ ಬಂದೆ. ಗಡಿಯಾರ ನೋಡಿದಾಗ ಏಳೂ ಇಪ್ಪತ್ತೈದು!

“ಗೋವಿಂದ, ನನಗೆ ಬಸ್ಸು...”

ಅವನು ನನ್ನ ಕಡೆ ತಿರುಗಲೂ ಇಲ್ಲ. “ಈಗ ಬಿಟ್ರೆ ನಮ್ಮ ಬದಿ ಸಡಿಲಾತದೆ ಮಾಸ್ತರೇ. ಬಲೆ ಓರೆಯಾದ್ರೆ ಮೀನೆಲ್ಲ ಅಡಿಯಿಂದ ಹೋತದೆ. ಮಳೆಗಾಲ ಪೂರ್ತಿ ಕೂತ್ಕಂಡು ಹೊಲಿದ ಬಲೆ. ಇವತ್ತೇ ಮೊದಲ ಸಲ ಬಿಟ್ಟದ್ದು.”

ಅತ್ತ ಕಡೆ ಆರು ಜನ, ಇತ್ತ ನನ್ನನ್ನು ಸೇರಿಸಿ ಐದು. ಲೆಕ್ಕ ಸುಲಭವಾಗಿತ್ತು, ಬಿಡುವುದು ಕಷ್ಟವಾಗಿತ್ತು. ನನ್ನ ಜೇಬಿನ ಆಮಂತ್ರಣ ತೆಗೆದು ಅದರಲ್ಲಿದ್ದ ನಂಬರು ಒತ್ತಲು ತುಳಸಿಗೆ ಹೇಳಿದೆ. ಅವಳು ಪ್ಲಾಸ್ಟಿಕ್ ಚೀಲದಲ್ಲಿದ್ದ ತನ್ನ ಮೊಬೈಲು ತೆಗೆದು ನನ್ನ ಕಿವಿಗೆ ಹಿಡಿದು, ನಾನು ಹಿಂದೆ ಹಿಂದೆ ಹೋದಂತೆ ತಾನೂ ಜೊತೆಗೇ ಬಂದಳು.

“ಇವತ್ತು ಬರಲಾಗುವುದಿಲ್ಲ. ಮುಂದಿನ ಭಾನುವಾರ ಬರುತ್ತೇನೆ,” ಎಂದೆ.

“ಆರಾಮ ಇದ್ದೀರಲ್ಲ ಸರ್?” ತರಬೇತಿ ವರ್ಗದ ಕಾರ್ಯದರ್ಶಿ ಗಾಬರಿಯಾದರು. “ಯಾಕೆ ಇಷ್ಟು ಏದುಸಿರು?”

“ಬಲೆ ಎಳೀತಾ ಇದ್ದೇನೆ.”

“ಯಾವ ಬಲೆ ಸರ್?”

ತುಳಸಿ ಫೋನನ್ನು ತನ್ನ ಬಾಯಿಗೆ ತಂದುಕೊಂಡಳು. “ಮೀನಿನ ಬಲೆ! ಫೋನ್ ಇಡ್ತೆ, ಅವ್ರ ಕೈ ಖಾಲಿ ಇಲ್ಲ!”

ಬಲೆಯ ಹೊಟ್ಟೆ ದಡಕ್ಕೆ ಬಂದಾಗ ನೀರೇ ಕುದಿದಂತಾಯಿತು. ಬಂಗಡೆ! ಒಂದರ ಮೇಲೊಂದು ಚಿಮ್ಮುವ, ಬಿಸಿಲಿಗೆ ಮಿಂಚುವ ಬಂಗಡೆ! ನಾನು ಕುಣಿದೆನೆಂದು ತುಳಸಿ ಹೇಳುತ್ತಾಳೆ. ನನಗೆ ನೆನಪಿಲ್ಲ, ಅಲ್ಲಗಳೆಯುವುದೂ ಇಲ್ಲ. ಗೋವಿಂದ ಮಾತ್ರ ಬಲೆಯ ಅಂಚನ್ನು ಬೆರಳಿನಿಂದ ಸವರುತ್ತ ಹೋದ. ಒಂದು ಕಣ್ಣೂ ಹರಿದಿರಲಿಲ್ಲ. ಆಮೇಲೆ ಎಲ್ಲರಿಗೆ ಇಟ್ಟಷ್ಟೇ ಪಾಲನ್ನು ನನ್ನ ಮುಂದೂ ಇಟ್ಟ. ಅಂಗೈ ಸುಲಿದು, ಎರಡು ದಿನ ಅನ್ನ ಕಲಸಲು ಚಮಚೆ ಬೇಕಾಯಿತು.

ಮುಂದಿನ ಭಾನುವಾರ ಹತ್ತಕ್ಕೆ ಐದು ನಿಮಿಷ ಮೊದಲೇ ಕಾರವಾರದಲ್ಲಿದ್ದೆ. ಕುದುರೆ, ಲಾಯ, ಕೈ, ಕಾಲು ಎಲ್ಲ ವಿವರಿಸಿ, ‘ಬ್ಯಾಕ್ ಔಟ್’ ಬಳಸಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಿರಿ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೊದಲು ಹಾಳೆ ತಂದಳು. ಕಳೆದ ಭಾನುವಾರ ನಮ್ಮ ಸರ್ ಮೀನಿಗಾಗಿ ಬ್ಯಾಕ್ ಔಟ್ ಮಾಡಿದರು, ಎಂದು ಬರೆದಿದ್ದಳು. ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ಎಲ್ಲೂ ತಪ್ಪಿರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ.