ಓಕ್ ಕಾಡಿನ ಚೌಕಾಸಿ

ಹುಬ್ಬಳ್ಳಿಯ ನೀಲಕಂಠಪ್ಪ ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಅವನ ಹೊಟ್ಟೆ ತುಂಬಿಸುತ್ತಿದ್ದುದು ಮಾತ್ರ ಮಾಂಸ ಸುಡುವವರೇ. ಅಮೆರಿಕದ ಟೆಕ್ಸಾಸಿನ ಇರ್ವಿಂಗ್‌ನಲ್ಲಿದ್ದುಕೊಂಡು ಡಲ್ಲಾಸ್, ಆಸ್ಟಿನ್ನಿನ ಬಾರ್ಬೆಕ್ಯೂ ಹೋಟೆಲುಗಳಿಗೆ ಓಕ್ ಸೌದೆ ಹಾಕುತ್ತಿದ್ದ. ಹೊಗೆಯ ವಾಸನೆಯಲ್ಲೇ ಕಟ್ಟಿಗೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ. ಹೊಗೆಯೊಳಗೆ ಬೇಯುತ್ತಿರುವುದೇನೆಂದು ಎಂದೂ ಕೇಳಲಿಲ್ಲ.

೨೦೦೩ರ ನವೆಂಬರಿನಲ್ಲಿ, ಅವನಿಗೆ ಸೌದೆ ಕೊಡುತ್ತಿದ್ದವನು ಜಾಗವನ್ನು ಮನೆ ಕಟ್ಟುವವರಿಗೆ ಮಾರಿಬಿಟ್ಟ. ಉಳಿದದ್ದು ಬ್ಯಾಸ್ಟ್ರಪ್ ಊರಿನ ಬಳಿ ಎಡ್ನಾ ಎಂಬಾಕೆಯ ಕಾಡೊಂದೇ. ಅದೂ ಸಿಗದಿದ್ದರೆ ವ್ಯಾಪಾರ ಮುಚ್ಚಬೇಕು.

ಎಡ್ನಾಳ ಮುತ್ತಜ್ಜ ಇಂಗ್ಲೆಂಡಿನ ಹಳೆಯ ಕಾಡೊಂದರಲ್ಲಿ ಹುಟ್ಟಿ ಬೆಳೆದವನು. ಅಲ್ಲಿನ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದ. ಚಳಿಗಾಲದಲ್ಲಿ ಮರವನ್ನು ಬುಡದವರೆಗೆ ಕಡಿದು, ಜಿಂಕೆ ಬಾಯಿ ಹಾಕದಂತೆ ಬೇಲಿ ಕಟ್ಟಿದರೆ, ಅದೇ ಬುಡದಿಂದ ಚಿಗುರೆದ್ದು ಮತ್ತೆ ಮರವಾಗುತ್ತದೆ. ಅಜ್ಜ ಕಡಿದ ಬುಡವನ್ನೇ ಮೊಮ್ಮಗಳೂ ಕಡಿಯುವುದು. ಬ್ಯಾಸ್ಟ್ರಪ್‌ನ ಈ ಕಾಡಿನಲ್ಲೇ ಇನ್ನೆರಡು ಮನೆತನಗಳಿದ್ದವು, ಅವರಿಗೂ ಅವರವರ ಪಾಲಿನ ಬುಡಗಳು; ಮಾರಾಟದ ಮಾತು ಮಾತ್ರ ಎಡ್ನಾಳದೇ.

ನೀಲಕಂಠಪ್ಪ ಸೌದೆ ಕೇಳಲು ಹೋದಾಗ ಎಡ್ನಾ ಮೊದಲು ಪೆಕಾನ್ ಬೀಜ ತುಂಬಿ ಬೇಯಿಸಿದ ಸಿಹಿ ಪೈ ತಂದಿಟ್ಟಳು. ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿದ್ದೇನೆಂದು ಹೆಮ್ಮೆಯಿಂದ ಹೇಳಿದಳು. ನೀಲಕಂಠಪ್ಪ ಸ್ವರ್ಗದಲ್ಲೂ ಇಂಥದ್ದು ಸಿಗದೆಂದು ಹೊಗಳಿ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಮೇಲೆ ಕಟ್ಟಿಗೆಯ ರಾಶಿ ನೋಡಿದ. ಎದೆ ಹಿಗ್ಗಿತು. ಹಿಗ್ಗು ಮುಖದಲ್ಲಿ ಕಂಡರೆ ರೇಟು ಏರುತ್ತದಲ್ಲ, ಊರಿನ ಅಭ್ಯಾಸದಂತೆ ಮೂಗು ಮುರಿದ. ಡೊಂಕು ಎಂದ, ಹುಳುಕು ಎಂದ, ಹಸಿ ಎಂದ.

ಎಡ್ನಾ ಜಗಳವಾಡಲಿಲ್ಲ. ಅಂಥ ಮಾಲನ್ನು ನಿಮಗೆ ಕೊಡುವುದು ತಪ್ಪಾಗುತ್ತದೆ ಎಂದು ಗೇಟು ಹಾಕಿಕೊಂಡಳು. ಈಗ ಕರೆಯುತ್ತಾಳೆ, ಆಗ ಕರೆಯುತ್ತಾಳೆ ಎಂದು ನೀಲಕಂಠಪ್ಪ ಟ್ರಕ್ಕಿನವರೆಗೆ ಮದುವಣಿಗನಂತೆ ಮೆಲ್ಲಮೆಲ್ಲಗೆ ನಡೆದ. ಸ್ಟಾರ್ಟ್ ಮಾಡಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದ. ಗೇಟು ಅಲುಗಲಿಲ್ಲ.

ಮನೆಯಲ್ಲಿ ಹೆಂಡತಿ ಕಮಲವ್ವ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

“ಆಕಿ ಮುತ್ತಜ್ಜ ಬೆಳಸಿದ್ದಕ್ಕ ಹುಳುಕು ಅಂದೀರಿ. ನಿಮ್ಮ ಮನೆತನಕ್ಕ ಯಾರರ ಹಂಗಂದ್ರ ಸುಮ್ಮನ ಇರ್ತಿದ್ರೇನ್ರಿ? ನಾಳೆ ಹೋಗಿ ಖರೇ ಹೇಳ್ರಿ.”

ನಿಜ ಹೇಳಿ ವ್ಯಾಪಾರ ಮಾಡಿದ ಅನುಭವ ನೀಲಕಂಠಪ್ಪನಿಗಿರಲಿಲ್ಲ. ಆದರೂ ಅಷ್ಟೂ ದೂರ ಮತ್ತೆ ಡ್ರೈವ್ ಮಾಡಿ, ಗೇಟಿನಾಚೆ ನಿಂತೇ ಹೇಳಿದ. ನಮ್ಮ ಕಡೆ ಬೇಕಾದ ಮಾಲನ್ನೇ ಬೈಯುವುದು; ಬೇಡವಾದದ್ದನ್ನು ಹೊಗಳಿ ಎದ್ದುಬರುತ್ತೇವೆ. ನಿಮ್ಮ ಕಟ್ಟಿಗೆಯನ್ನು ನಾನು ಬಹಳ ಬೈದೆ.

ಎಡ್ನಾ ಗೇಟಿನ ಹತ್ತಿರ ಬಂದಳು.

“ಹಾಗಾದರೆ ನನ್ನ ಪೈ?”

ನೀಲಕಂಠಪ್ಪ ನೆಲ ನೋಡಿದ. ಎಡ್ನಾ ಗೇಟು ಹಿಡಿದುಕೊಂಡು ನಕ್ಕಳು, ನಗುತ್ತಲೇ ಗೇಟು ತೆಗೆದಳು. ಆ ದಿನವೇ ಮೊದಲ ಲೋಡು ಟ್ರಕ್ ಹತ್ತಿತು.

ಹೊರಡುವ ಮುಂಚೆ ಅವಳು ಅವನನ್ನು ಬೇಲಿಯೊಳಗೆ ಕರೆದೊಯ್ದಳು. ಹಿಂದಿನ ಚಳಿಗಾಲದಲ್ಲಿ ಕಡಿದ ಬುಡಗಳ ಸುತ್ತ ಮೊಣಕಾಲೆತ್ತರದ ಚಿಗುರು. ಇವು ಕಡಿಯಲು ಬರುವ ಹೊತ್ತಿಗೆ ಕೊಡಲಿ ತನ್ನ ಮೊಮ್ಮಗಳ ಕೈಯಲ್ಲಿರುತ್ತದೆ ಎಂದಳು. ನೀಲಕಂಠಪ್ಪ ಬಗ್ಗಿ ಒಂದನ್ನು ಸವರಿದ. ಅವನು ಬಾಯಿ ತೆರೆಯುವ ಮೊದಲೇ ಎಡ್ನಾ ಮೂಗು ಮುರಿದಳು.

“ಎಂಥ ದರಿದ್ರ ಚಿಗುರು, ಅಲ್ಲವೇ?”

“ತೀರಾ ಕಳಪೆ,” ಎಂದ ನೀಲಕಂಠಪ್ಪ. “ಇವೂ ನನಗೇ ಇರಲಿ.”